ವಿಟಮಿನ್ ಇ ಕ್ಯಾಪ್ಸೂಲ್ ಹಾಕಿದರೆ ಮನೆಯ ಲೋಳೆಸರ ಜೆಲ್ ತಿಂಗಳುಗಟ್ಟಲೆ ಕೆಡುವುದಿಲ್ಲವೇ?

ಲೋಳೆಸರದ ತಿರುಳು, ಎರಡು ಚಮಚ ಕೊಬ್ಬರಿ ಎಣ್ಣೆ, ಎರಡು ವಿಟಮಿನ್ ಇ ಕ್ಯಾಪ್ಸೂಲ್, ಅರ್ಧ ನಿಂಬೆಹಣ್ಣಿನ ರಸ. ಎಲ್ಲವನ್ನೂ ಮಿಕ್ಸಿಯಲ್ಲಿ ತಿರುಗಿಸಿ ಸೀಸೆಗೆ ತುಂಬಿದರೆ ‘ಕೆಮಿಕಲ್ ಇಲ್ಲದ’ ಫೇಸ್ ಜೆಲ್ ಸಿದ್ಧ, ಮೂರು ತಿಂಗಳು ಕೆಡುವುದಿಲ್ಲ ಎನ್ನುವ ಸಂದೇಶ ಮತ್ತು ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಸಾಮಗ್ರಿಗಳೆಲ್ಲ ನಮಗೆ ಗೊತ್ತಿರುವಂಥವೇ ಆದ್ದರಿಂದ ಅನುಮಾನ ಬರುವುದಿಲ್ಲ. ಆದರೆ ಇದನ್ನು ಹಚ್ಚುವುದು ಮುಖಕ್ಕೆ, ಕಣ್ಣಿನ ಸುತ್ತ, ಕೆಲವೊಮ್ಮೆ ಮಕ್ಕಳ ಮೈಗೆ. ಹಾಗಾಗಿ ಈ ಮಾತು ನಿಜವೇ ಎಂದು ನೋಡುವುದು ಒಳ್ಳೆಯದು.

ಚುಟುಕು ಉತ್ತರ: ನಿಜವಲ್ಲ. ಲೋಳೆಸರವನ್ನು ತಾಜಾ ಆಗಿ ಹಚ್ಚಿಕೊಳ್ಳುವುದಕ್ಕೆ ಹೆಚ್ಚಿನವರಿಗೆ ತೊಂದರೆ ಇಲ್ಲ. ಅದನ್ನು ಎಣ್ಣೆಯೊಂದಿಗೆ ಬೆರೆಸಿ ತಿಂಗಳುಗಟ್ಟಲೆ ಸೀಸೆಯಲ್ಲಿ ಇಡುವುದೇ ತೊಂದರೆ.

ಎಣ್ಣೆ ಏಕೆ ಮೇಲೆ ಬರುತ್ತದೆ?

ಲೋಳೆಸರದ ತಿರುಳಿನಲ್ಲಿ ಸುಮಾರು 99 ಭಾಗ ಇರುವುದು ನೀರು. ನೀರು ಮತ್ತು ಎಣ್ಣೆ ಸೇರುವುದಿಲ್ಲ. ಒಗ್ಗರಣೆ ಹಾಕಿದ ತಿಳಿಸಾರಿನ ಮೇಲೆ ಎಣ್ಣೆ ತೇಲುವುದನ್ನು ದಿನವೂ ನೋಡುತ್ತೇವೆ. ಮಿಕ್ಸಿ ಮಾಡುವುದು ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುವ ಕೆಲಸ ಮಾತ್ರ. ಸ್ವಲ್ಪ ಹೊತ್ತಿನಲ್ಲಿ ಹನಿಗಳು ಮತ್ತೆ ಒಂದಕ್ಕೊಂದು ಕೂಡಿಕೊಂಡು ಮೇಲೆ ಬರುತ್ತವೆ.

ಲೋಳೆ ಗಟ್ಟಿಯಾಗಿದ್ದರೆ ಇದು ನಿಧಾನವಾಗಿ ಆಗುತ್ತದೆ. ಕೆಲವರು ಕ್ಸಾಂಥನ್ ಗಮ್ ಎಂಬ ಪುಡಿ ಬೆರೆಸಿ ಗಟ್ಟಿ ಮಾಡುತ್ತಾರೆ. ಅದು ಹನಿಗಳ ಓಟವನ್ನು ತಡೆಯುತ್ತದೆ, ಆದರೆ ಎಣ್ಣೆ–ನೀರನ್ನು ಬೆಸೆಯುವುದಿಲ್ಲ. ಬೆಸೆಯಲು ಎಮಲ್ಸಿಫೈಯರ್ ಬೇಕು. ಅದರ ಕಣದ ಒಂದು ತುದಿ ನೀರಿಗೆ, ಇನ್ನೊಂದು ತುದಿ ಎಣ್ಣೆಗೆ ಅಂಟಿಕೊಳ್ಳುತ್ತದೆ. ಪಾತ್ರೆಯ ಜಿಡ್ಡನ್ನು ಸೋಪು ನೀರಿನೊಂದಿಗೆ ಕರೆದೊಯ್ಯುವುದು ಇದೇ ಗುಣದಿಂದ.

ಕೊಬ್ಬರಿ ಎಣ್ಣೆಗೆ ಇನ್ನೊಂದು ತಕರಾರಿದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಅಂಥ ಜೆಲ್ ಅನ್ನು ಫ್ರಿಜ್‌ನಲ್ಲಿಟ್ಟರೆ ಬಿಳಿ ಹರಳುಹರಳಾಗಿ ಕಾಣುವುದು ಈ ಕಾರಣಕ್ಕೆ.

ಕಾಣದ ಕೇಡು ಯಾವುದು?

ಎಣ್ಣೆ ಬೇರ್ಪಟ್ಟರೆ ಕಣ್ಣಿಗೆ ಕಾಣುತ್ತದೆ. ಸೂಕ್ಷ್ಮಜೀವಿ ಬೆಳೆದರೆ ಕಾಣಬೇಕೆಂದೇನೂ ಇಲ್ಲ.

ತೆಂಗಿನಕಾಯಿ ಚಟ್ನಿ ಸಂಜೆಯ ಹೊತ್ತಿಗೆ ಹಳಸುತ್ತದೆ. ಉಪ್ಪಿನಕಾಯಿ ವರ್ಷವಿಡೀ ಇರುತ್ತದೆ. ಚಟ್ನಿಯಲ್ಲಿ ನೀರೂ ಇದೆ, ಸೂಕ್ಷ್ಮಜೀವಿಗಳಿಗೆ ಆಹಾರವೂ ಇದೆ. ಉಪ್ಪಿನಕಾಯಿಯಲ್ಲಿ ಉಪ್ಪು ಮತ್ತು ಹುಳಿ ಅವುಗಳನ್ನು ತಡೆಯುತ್ತವೆ. ಅದಕ್ಕೇ ಮನೆಯ ಹಿರಿಯರು ಭರಣಿಗೆ ಒದ್ದೆ ಚಮಚ ಹಾಕಲು ಬಿಡುವುದಿಲ್ಲ. ಮನೆಯಲ್ಲಿ ಮಾಡಿದ ಲೋಳೆಸರ ಜೆಲ್ ಉಪ್ಪಿನಕಾಯಿಯ ಸಾಲಿಗೆ ಸೇರುವುದಿಲ್ಲ, ಚಟ್ನಿಯ ಸಾಲಿಗೆ ಸೇರುತ್ತದೆ. ಅದರಲ್ಲಿ ನೀರು, ಸಕ್ಕರೆಯಂಶ ಎರಡೂ ಇವೆ. ಮೇಲಿಂದ ಪ್ರತಿದಿನ ಬೆರಳು ಅದ್ದುತ್ತೇವೆ.

ಬೂಷ್ಟು ಬಂದರೆ ಎಸೆಯುತ್ತೇವೆ. ಆದರೆ ಬ್ಯಾಕ್ಟೀರಿಯಾ ಲಕ್ಷಗಟ್ಟಲೆ ಆಗಿದ್ದರೂ ಜೆಲ್‌ನ ಬಣ್ಣ, ವಾಸನೆ ಮೊದಲಿನಂತೆಯೇ ಇರಬಹುದು. ನೀರಿನಂಶ ಇರುವ ಕಡೆ ಸುಲಭವಾಗಿ ಬೆಳೆಯುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಕಣ್ಣಿಗೆ ತಗುಲಿದರೆ ಕಾರ್ನಿಯಾಕ್ಕೆ ಗಂಭೀರ ಸೋಂಕು ತರಬಲ್ಲದು. ಒಡೆದ ಮೊಡವೆ, ಗಾಯ, ಎಕ್ಸಿಮಾ ಇರುವವರು, ಮಧುಮೇಹಿಗಳು ಮತ್ತು ಎಳೆಯ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು.

ವಿಟಮಿನ್ ಇ ಮಾಡುವ ಕೆಲಸವೇನು?

ಗೊಂದಲ ಹುಟ್ಟುವುದು ಇಲ್ಲೇ. ವಿಟಮಿನ್ ಇ ಒಂದು ಆ್ಯಂಟಿ ಆಕ್ಸಿಡೆಂಟ್. ಗಾಳಿ ತಾಗಿ ಎಣ್ಣೆಗೆ ಕಮಟು ವಾಸನೆ ಬರುವುದನ್ನು ಅದು ನಿಧಾನಗೊಳಿಸುತ್ತದೆ. ಬ್ಯಾಕ್ಟೀರಿಯಾ, ಬೂಷ್ಟುಗಳನ್ನು ಅದು ತಡೆಯುವುದಿಲ್ಲ. ಅಂದರೆ ಅದು ಎಣ್ಣೆಯನ್ನು ಕಾಯುತ್ತದೆಯೇ ಹೊರತು ನೀರನ್ನಲ್ಲ. ಕೆಲವರ ಚರ್ಮಕ್ಕೆ ವಿಟಮಿನ್ ಇ ಅಲರ್ಜಿಯನ್ನೂ ತರುತ್ತದೆ.

ಫ್ರಿಜ್‌ನಲ್ಲಿಟ್ಟರೆ ಸಾಲದೇ? ತಂಪು ಬೆಳವಣಿಗೆಯನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಒಂದೆರಡು ದಿನದ ಮಟ್ಟಿಗೆ ಉಪಯೋಗ, ತಿಂಗಳುಗಳಿಗಲ್ಲ.

ನಿಂಬೆರಸ, ವಿಟಮಿನ್ ಸಿ, ಅರಿಶಿನ ಸೇರಿಸಿದರೆ?

ನಿಂಬೆರಸ: ಇದರ ಪಿಎಚ್ ಸುಮಾರು 2ರಿಂದ 2.5. ಆರೋಗ್ಯವಂತ ಚರ್ಮದ ಮೇಲ್ಮೈಯದು 5ರ ಆಸುಪಾಸು. ಇಷ್ಟು ಹುಳಿ ಚರ್ಮವನ್ನು ಉರಿಸಬಹುದು. ನಿಂಬೆ ಜಾತಿಯ ಹಣ್ಣುಗಳಲ್ಲಿರುವ ಕೆಲವು ಅಂಶಗಳು ಬಿಸಿಲು ತಾಗಿದಾಗ ಬೊಬ್ಬೆ ಮತ್ತು ಕಪ್ಪು ಕಲೆ ಮೂಡಿಸುತ್ತವೆ. ಕಲೆ ಹೋಗಲಿ ಎಂದು ಹಚ್ಚಿದ್ದರಿಂದಲೇ ಕಲೆ ಆಗಬಹುದು.

ವಿಟಮಿನ್ ಸಿ ಪುಡಿ: ಆಸ್ಕಾರ್ಬಿಕ್ ಆಮ್ಲ ನೀರಿನಲ್ಲಿ ಕರಗಿದ ಮೇಲೆ ಗಾಳಿ, ಬೆಳಕಿಗೆ ಬೇಗ ಕೆಡುತ್ತದೆ. ಜೆಲ್ ಹಳದಿಯಿಂದ ಕಂದು ಬಣ್ಣಕ್ಕೆ ತಿರುಗಿದರೆ ಅದರ ಗುಣ ಹೋಗಿದೆ ಎಂದರ್ಥ. ಕಂಪನಿಗಳ ಸೀರಮ್‌ಗಳಲ್ಲಿ ಪಿಎಚ್ ಅನ್ನು ಸಾಮಾನ್ಯವಾಗಿ 3.5ಕ್ಕಿಂತ ಕೆಳಗೆ ಇಟ್ಟು, ಬಣ್ಣದ ಬಾಟಲಿಯಲ್ಲಿ ತುಂಬುವುದು ಇದಕ್ಕೇ.

ಅರಿಶಿನ: ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ಪುಡಿ ತಳದಲ್ಲಿ ಕೂರುತ್ತದೆ, ಬೆಳಕಿಗೆ ಕರ್ಕ್ಯುಮಿನ್ ಸಾರ ಕಳೆದುಕೊಳ್ಳುತ್ತದೆ.

ನಯಾಸಿನಮೈಡ್: ಇದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಬೇಗ ಕೆಡುವುದೂ ಇಲ್ಲ. ಮುಖಕ್ಕೆ ಹಚ್ಚುವವುಗಳಲ್ಲಿ 2ರಿಂದ 5 ಶೇಕಡಾ ಸಾಮಾನ್ಯ. ಆದರೆ 50 ಗ್ರಾಂ ಜೆಲ್‌ಗೆ 2 ಶೇಕಡಾ ಎಂದರೆ 1 ಗ್ರಾಂ. ಚಮಚದ ಅಂದಾಜಿನಲ್ಲಿ ಇಷ್ಟು ಸಣ್ಣ ಅಳತೆ ಸಿಗುವುದಿಲ್ಲ.

ಹಾಗಾದರೆ ಮನೆಯಲ್ಲಿ ಮಾಡುವುದು ಹೇಗೆ?

ಸುಲಭದ ದಾರಿಯೊಂದಿದೆ. ಲೋಳೆಸರ ಮತ್ತು ಎಣ್ಣೆಯನ್ನು ಸೀಸೆಯಲ್ಲಿ ಬೆರೆಸಬೇಡಿ, ಅಂಗೈಯಲ್ಲಿ ಬೆರೆಸಿ.

1. ಎಲೆಯನ್ನು ಕತ್ತರಿಸಿ, ಕತ್ತರಿಸಿದ ತುದಿ ಕೆಳಗಿರುವಂತೆ 15–20 ನಿಮಿಷ ನಿಲ್ಲಿಸಿ. ಹಳದಿ ರಸ ಇಳಿದುಹೋಗಲಿ. ಆ ರಸದಲ್ಲಿರುವ ಅಲೋಯಿನ್ ಚರ್ಮವನ್ನು ಕೆರಳಿಸಬಹುದು.
2. ಎಲೆ ತೊಳೆದು, ಶುದ್ಧವಾದ ಚಾಕುವಿನಿಂದ ಸಿಪ್ಪೆ ತೆಗೆದು, ಆ ಹೊತ್ತಿಗೆ ಬೇಕಾದಷ್ಟೇ ತಿರುಳು ತೆಗೆಯಿರಿ. ಹಸಿ ತಿರುಳು ಇಟ್ಟಷ್ಟೂ ನೀರಾಗುತ್ತ ಹೋಗುತ್ತದೆ.
3. ಎಣ್ಣೆ ಬೇಕಿದ್ದರೆ ಎರಡು ಮೂರು ಹನಿ ಅಂಗೈಗೆ ಹಾಕಿಕೊಂಡು ತಿರುಳಿನೊಂದಿಗೆ ಉಜ್ಜಿ ಹಚ್ಚಿ. ಒಣ ಸೀಸೆಯಲ್ಲಿರುವ ಬರೀ ಎಣ್ಣೆಯಲ್ಲಿ ನೀರಿಲ್ಲದ ಕಾರಣ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಮೊಡವೆಯ ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ.
4. ಉಳಿದ ತಿರುಳನ್ನು ಮುಚ್ಚಿ ಫ್ರಿಜ್‌ನಲ್ಲಿಡಿ, ಮರುದಿನದೊಳಗೆ ಮುಗಿಸಿ ಅಥವಾ ಎಸೆಯಿರಿ.
5. ಹೊಸದೇನನ್ನೇ ಆದರೂ ಮೊದಲು ಮೊಣಕೈ ಒಳಭಾಗದ ಒಂದು ಸಣ್ಣ ಜಾಗಕ್ಕೆ ದಿನಕ್ಕೆ ಎರಡು ಬಾರಿಯಂತೆ 7ರಿಂದ 10 ದಿನ ಹಚ್ಚಿ ನೋಡಿ. ತುರಿಕೆ, ಉರಿ, ಕೆಂಪು ಕಂಡರೆ ನಿಲ್ಲಿಸಿ.

ಹಚ್ಚಿದ ಮೇಲೆ ಕಣ್ಣು ಕೆಂಪಾಗಿ ನೋವು ಬಂದರೆ, ಚರ್ಮದಲ್ಲಿ ಕೀವು ಅಥವಾ ಬಾವು ಕಂಡರೆ ಮನೆಮದ್ದು ಮುಂದುವರಿಸದೆ ವೈದ್ಯರಲ್ಲಿ ತೋರಿಸಿ.

ತಿಂಗಳುಗಟ್ಟಲೆ ಇಡುವ ಜೆಲ್‌ಗೆ ಏನು ಬೇಕು?

ಮೊದಲು ಹಸಿ ಲೋಳೆಸರವನ್ನು ಬಿಡಬೇಕು. ಡಿಸ್ಟಿಲ್ಡ್ ನೀರು, 0.5ರಿಂದ 1 ಶೇಕಡಾ ಕ್ಸಾಂಥನ್ ಗಮ್ (ಗಂಟು ಕಟ್ಟದಂತೆ ಮೊದಲು ಗ್ಲಿಸರಿನ್‌ನಲ್ಲಿ ಕಲಸಿ), ಎಣ್ಣೆ ಇದ್ದರೆ ಎಮಲ್ಸಿಫೈಯರ್, ಮತ್ತು ತಪ್ಪದೇ ಒಂದು ಪ್ರಿಸರ್ವೇಟಿವ್ ಬೇಕು. ಹೆಚ್ಚು ಬಳಕೆಯಲ್ಲಿರುವ ಫಿನಾಕ್ಸಿಎಥನಾಲ್‌ಗೆ ಐರೋಪ್ಯ ಒಕ್ಕೂಟದಲ್ಲಿ 1 ಶೇಕಡಾ ಮಿತಿ ಇದೆ. ಸೋಡಿಯಂ ಬೆಂಜೊಯೇಟ್ ಕೆಲಸ ಮಾಡುವುದು ಪಿಎಚ್ 5ಕ್ಕಿಂತ ಕೆಳಗಿದ್ದರೆ ಮಾತ್ರ. ಇವನ್ನೆಲ್ಲ ಅಳೆಯಲು 0.01 ಗ್ರಾಂ ತೋರಿಸುವ ತಕ್ಕಡಿ, ಪಿಎಚ್ ಪಟ್ಟಿ ಬೇಕು.

ಇಷ್ಟಾದರೂ ಜೆಲ್ ಸುರಕ್ಷಿತವೇ ಎನ್ನುವುದು ನೋಟದಿಂದ ತಿಳಿಯುವುದಿಲ್ಲ. ಕಂಪನಿಗಳು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳನ್ನು ಬೇಕೆಂದೇ ಉತ್ಪನ್ನದೊಳಗೆ ಬಿಟ್ಟು, 28 ದಿನಗಳವರೆಗೆ ಅವು ಸಾಯುತ್ತವೆಯೇ ಎಂದು ಎಣಿಸಿ ನೋಡುತ್ತವೆ. ‘ಕೆಮಿಕಲ್’ ಎಂದು ನಾವು ಹೆದರುವ ಪ್ರಿಸರ್ವೇಟಿವ್ ಇರುವುದು ಈ ಪರೀಕ್ಷೆಯಲ್ಲಿ ಪಾಸಾಗಲು.

ಮನೆಯಲ್ಲಿ ಮಾಡಿ ಗ್ರೂಪ್‌ಗಳಲ್ಲಿ ಮಾರುವವರಿಗೂ ಒಂದು ಮಾತು. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆ ಹಾಗೂ 2020ರ ಪ್ರಸಾಧನ ನಿಯಮಗಳ ಪ್ರಕಾರ ಮಾರಾಟಕ್ಕಾಗಿ ತಯಾರಿಸಲು ಪರವಾನಗಿ ಬೇಕು. ‘ಹೋಂಮೇಡ್’ ಎಂಬ ಲೇಬಲ್ ಅದಕ್ಕೆ ಬದಲಾಗುವುದಿಲ್ಲ. ಕೊಳ್ಳುವವರು ಪರವಾನಗಿ ಸಂಖ್ಯೆ, ಸಾಮಗ್ರಿಗಳ ಪಟ್ಟಿ ಮತ್ತು ಬಳಕೆಯ ಕೊನೆಯ ದಿನಾಂಕ ನೋಡಿ ಕೊಳ್ಳಿ.

ಆ ಫಾರ್ವರ್ಡ್ ಮತ್ತೆ ಬಂದರೆ ಇದನ್ನು ಕಳುಹಿಸಿ:

“ಲೋಳೆಸರ ಹಚ್ಚಿಕೊಳ್ಳಿ, ಆದರೆ ಆಗಿಂದಾಗಲೇ ತೆಗೆದು ಹಚ್ಚಿ. ವಿಟಮಿನ್ ಇ ಎಣ್ಣೆಯನ್ನು ಕಾಪಾಡುತ್ತದೆ, ಬ್ಯಾಕ್ಟೀರಿಯಾವನ್ನು ತಡೆಯುವುದಿಲ್ಲ. ಸೀಸೆಯಲ್ಲಿಟ್ಟ ಜೆಲ್ ಚೆನ್ನಾಗಿ ಕಂಡರೂ ಕೆಟ್ಟಿರಬಹುದು. ಮುಖಕ್ಕೆ ನಿಂಬೆರಸ ಬೇಡ.”