ನೀರಿನಿಂದಲೇ ಆಮ್ಲಜನಕ ತೆಗೆಯುವ ಯಂತ್ರ ನಿಜವೇ? ಗುಳ್ಳೆ ಬಿಡದ 'ರೀಬ್ರೀದರ್' ಕೆಲಸ ಮಾಡುವುದು ಹೇಗೆ?

ಈಜುಗಾರನೊಬ್ಬ ಅಂಗೈ ಅಗಲದ ಸಾಧನವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೀರಿಗಿಳಿಯುತ್ತಾನೆ. ಬೆನ್ನಿಗೆ ಸಿಲಿಂಡರ್ ಇಲ್ಲ. 'ಇನ್ನು ಮುಂದೆ ಮೀನಿನಂತೆ ಉಸಿರಾಡಿ' ಎಂಬ ಬರಹ ಬೇರೆ. ಇಂಥ ವಿಡಿಯೊ ವಾಟ್ಸಾಪ್ ಗುಂಪುಗಳಿಗೆ ಆಗಾಗ ಬರುತ್ತಿರುತ್ತದೆ. ಹುಲಿಯೂರುದುರ್ಗದ ಸುತ್ತ ಕೆರೆ, ಹಳೇ ಬಾವಿಗಳಿಗೆ ಕೊರತೆಯಿಲ್ಲ. ಅದೇ ಕುಣಿಗಲ್ ತಾಲ್ಲೂಕಿನಲ್ಲಿ ಮಾರ್ಕೋನಹಳ್ಳಿ ಜಲಾಶಯವೂ ಇದೆ. ಇದನ್ನು ನಂಬಿ ಯಾರಾದರೂ ನೀರಿಗಿಳಿದರೆ ಜೀವಕ್ಕೇ ಕುತ್ತು. ಹಾಗಾಗಿ ಮೊದಲು ಲೆಕ್ಕ ನೋಡೋಣ.

ಈಜುವಾಗ ನಮ್ಮ ದೇಹಕ್ಕೆ ನಿಮಿಷಕ್ಕೆ ಸುಮಾರು 1 ಲೀಟರ್ ಆಮ್ಲಜನಕ ಬೇಕು. ಕೆರೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಹೆಚ್ಚೆಂದರೆ 8 ಮಿಲಿಗ್ರಾಂ, ಅಂದರೆ ಸುಮಾರು 6 ಮಿಲಿಲೀಟರ್ ಅನಿಲ. ಒಂದು ಹನಿಯನ್ನೂ ಬಿಡದೆ ಸೋಸಿದರೂ ನಿಮಿಷಕ್ಕೆ 160 ಲೀಟರ್‌ಗಿಂತ ಹೆಚ್ಚು ನೀರು ಆ ಪುಟ್ಟ ಸಾಧನದ ಮೂಲಕ ಹಾಯಬೇಕು. ಹತ್ತಿರ ಹತ್ತಿರ ಒಂದು ಡ್ರಮ್ ನೀರು! ಮೀನಿಗೆ ಇದು ಸಾಧ್ಯವಾಗುವುದು ಅದು ತಣ್ಣನೆ ರಕ್ತದ ಪ್ರಾಣಿ, ಅದಕ್ಕೆ ಬೇಕಾದ ಆಮ್ಲಜನಕ ಬಹಳ ಕಡಿಮೆ ಎಂಬ ಕಾರಣಕ್ಕೆ. 2016ರಲ್ಲಿ 'ಟ್ರೈಟಾನ್' ಎಂಬ ಹೆಸರಿನಲ್ಲಿ ಇಂಥದ್ದೇ ಸಾಧನಕ್ಕೆ ಇಂಟರ್ನೆಟ್‌ನಲ್ಲಿ ಲಕ್ಷಾಂತರ ಡಾಲರ್ ಸಂಗ್ರಹವಾಗಿತ್ತು. ವಿಜ್ಞಾನಿಗಳು ಪ್ರಶ್ನಿಸಿದ ಮೇಲೆ ಹಣ ವಾಪಸ್ ಮಾಡಿ, 'ಒಳಗೆ ದ್ರವ ಆಮ್ಲಜನಕವೂ ಇರುತ್ತದೆ' ಎಂದು ಕಂಪನಿ ಮಾತು ಬದಲಿಸಿತು.

ಹಾಗಾದರೆ ಗುಳ್ಳೆಯೇ ಬಿಡದೆ ನೀರಿನಲ್ಲಿರುವ ಮುಳುಗುಗಾರರು ಸುಳ್ಳೇ? ಅಲ್ಲ. ಅವರ ಬೆನ್ನಿಗಿರುವುದು ರೀಬ್ರೀದರ್.

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಪ್ರವಾಸಿಗರು ಮಾಡುವ ಸ್ಕೂಬಾದಲ್ಲಿ ಬಿಟ್ಟ ಉಸಿರೆಲ್ಲ ಗುಳ್ಳೆಯಾಗಿ ಹೋಗುತ್ತದೆ. (ಆ ಸಿಲಿಂಡರ್‌ನಲ್ಲಿ ಇರುವುದು ಸಾಮಾನ್ಯವಾಗಿ ಒತ್ತಿ ತುಂಬಿದ ಬರೀ ಗಾಳಿ. ಸುದ್ದಿಯವರು 'ಆಮ್ಲಜನಕ ಸಿಲಿಂಡರ್' ಎನ್ನುವುದು ತಪ್ಪು. ಸುಮಾರು 6 ಮೀಟರ್‌ಗಿಂತ ಆಳದಲ್ಲಿ ಶುದ್ಧ ಆಮ್ಲಜನಕ ಉಸಿರಾಡಿದರೆ ಫಿಟ್ಸ್ ಬರಬಹುದು.) ನಾವು ಒಳಗೆ ಎಳೆಯುವ ಗಾಳಿಯಲ್ಲಿ ಶೇ 21 ಆಮ್ಲಜನಕವಿದ್ದರೆ, ಬಿಡುವ ಉಸಿರಿನಲ್ಲೂ ಶೇ 16 ಉಳಿದಿರುತ್ತದೆ. ಅದನ್ನು ಪೋಲು ಮಾಡದೆ, ಇಂಗಾಲದ ಡೈಆಕ್ಸೈಡ್ ಮಾತ್ರ ತೆಗೆದು, ಖರ್ಚಾದಷ್ಟೇ ಆಮ್ಲಜನಕ ಸೇರಿಸಿ ಮತ್ತೆ ಉಸಿರಾಡಲು ಕೊಡುವುದೇ ರೀಬ್ರೀದರ್. ಹೊಸದೇನಲ್ಲ, ಇಂಗ್ಲೆಂಡಿನ ಹೆನ್ರಿ ಫ್ಲೂಸ್ 1878ರಲ್ಲೇ ಇದನ್ನು ಮಾಡಿದ್ದರು.

ಇದರ ಜೀವಾಳ ನಮಗೆಲ್ಲ ಗೊತ್ತಿರುವ ವಸ್ತು: ಸುಣ್ಣ. ಎಲೆ-ಅಡಿಕೆಗೆ ಹಚ್ಚುವ ಸುಣ್ಣವೂ, ಡಬ್ಬಿಯಲ್ಲಿ ತುಂಬುವ 'ಸೋಡಾ ಲೈಮ್' ಹರಳುಗಳ ಮುಖ್ಯ ಭಾಗವೂ ಒಂದೇ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಸುಣ್ಣದ ತಿಳಿನೀರಿಗೆ ಊದಿದರೆ ಹಾಲಿನಂತಾಗುವ ಶಾಲೆಯ ಪ್ರಯೋಗ ನೆನಪಿರಬೇಕಲ್ಲ? ಅದೇ ಕ್ರಿಯೆ. ಆಪರೇಷನ್ ಥಿಯೇಟರ್‌ನ ಅರಿವಳಿಕೆ ಯಂತ್ರದಲ್ಲೂ ಇದೇ ಹರಳು ಇರುತ್ತದೆ.

ಆದರೆ ಇದನ್ನು ಇಟ್ಟುಕೊಳ್ಳುವುದು ಬೈಕ್ ಇಟ್ಟುಕೊಂಡಂತಲ್ಲ. ಡಬ್ಬಿಯಲ್ಲಿ ಎರಡು-ಎರಡೂವರೆ ಕೆಜಿ ಹರಳು ತುಂಬಿದರೆ ಸುಮಾರು ಮೂರು ಗಂಟೆ ಬರಬಹುದು, ನಂತರ ಎಸೆಯಬೇಕು. ಸೇರಿನಲ್ಲಿ ರಾಗಿ ಅಳೆಯುವಾಗ ತಟ್ಟಿ ತಟ್ಟಿ ತುಂಬುವಂತೆ ತುಂಬಬೇಕು. ಸಂದು ಉಳಿದರೆ ಉಸಿರು ಶುದ್ಧವಾಗದೆ ಆ ಸಂದಿನಲ್ಲೇ ನುಸುಳಿ ಬರುತ್ತದೆ. ನೀರು ಹೊಕ್ಕರೆ ಸುಡುವ ಕ್ಷಾರ ಬಾಯಿಗೇ ಬರುತ್ತದೆ. ಆಮ್ಲಜನಕ ಅಳೆಯುವ ಸೆನ್ಸರ್‌ಗಳು ಸಾಮಾನ್ಯವಾಗಿ ಮೂರಿರುತ್ತವೆ. ಬಳಸಲಿ, ಬಿಡಲಿ ಅವು ಸವೆಯುತ್ತವೆ. ಹೆಚ್ಚು ಕಡಿಮೆ ವರ್ಷಕ್ಕೊಮ್ಮೆ ಬದಲಿಸಬೇಕು. ಕೊಳವೆ, ಗಾಳಿಚೀಲಗಳನ್ನು ಪ್ರತಿ ಬಳಕೆಯ ನಂತರ ತೊಳೆದು ಒಣಗಿಸದಿದ್ದರೆ ಬೂಷ್ಟು ಹಿಡಿದು ಅದೇ ಶ್ವಾಸಕೋಶಕ್ಕೆ ಹೋಗುತ್ತದೆ. ವಾಲ್ವ್ ಬಿಗಿಯಾಗಿದೆ ಎಂದು ಕೊಬ್ಬರಿ ಎಣ್ಣೆ, ಗ್ರೀಸ್ ಮುಟ್ಟಿಸುವಂತಿಲ್ಲ, ಒತ್ತಡದ ಆಮ್ಲಜನಕಕ್ಕೆ ಎಣ್ಣೆ ಸೇರಿದರೆ ಬೆಂಕಿ.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ? ಉಸಿರು ಕಟ್ಟಿದಾಗ ನಮಗಾಗುವ ಚಡಪಡಿಕೆ ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದದ್ದರಿಂದ, ಆಮ್ಲಜನಕ ಕಡಿಮೆಯಾದದ್ದರಿಂದಲ್ಲ. ಸುಣ್ಣ ತನ್ನ ಕೆಲಸ ಮಾಡುತ್ತಿದ್ದು, ಸೆನ್ಸರ್ ಕೈಕೊಟ್ಟು ಆಮ್ಲಜನಕ ಮಾತ್ರ ಇಳಿದರೆ ಏನೂ ಗೊತ್ತಾಗುವುದಿಲ್ಲ. ಮುಳುಗುಗಾರ ಆರಾಮಾಗಿಯೇ ಇದ್ದು ಪ್ರಜ್ಞೆ ತಪ್ಪುತ್ತಾನೆ. ಸಾಮಾನ್ಯ ಸ್ಕೂಬಾದಲ್ಲಿ ಗಾಳಿ ಮುಗಿಯುತ್ತಾ ಬಂದರೆ ಎಳೆಯಲು ಕಷ್ಟವಾಗುತ್ತದೆ, ಇಲ್ಲಿ ಆ ಸೂಚನೆಯೂ ಇಲ್ಲ. ಆದ್ದರಿಂದಲೇ ಪ್ರತಿ ಸಲ ಪಟ್ಟಿ ಹಿಡಿದು ಸೋರಿಕೆ ಪರೀಕ್ಷೆ ಮಾಡಿ, ದಡದಲ್ಲೇ ಕೆಲವು ನಿಮಿಷ ಉಸಿರಾಡಿ ನೋಡಿ, ಬೇರೊಂದು ತುರ್ತು ಸಿಲಿಂಡರ್ ಜೊತೆಗಿಟ್ಟುಕೊಂಡೇ ಇಳಿಯುತ್ತಾರೆ. ಹೊಸದಕ್ಕೆ ಲಕ್ಷಗಟ್ಟಲೆ ರೂಪಾಯಿ, ಆಯಾ ಮಾದರಿಗೇ ಪ್ರತ್ಯೇಕ ತರಬೇತಿ ಬೇರೆ. ಸೆನ್ಸರ್ ಯಾವಾಗಿನದು ಎಂದು ಗೊತ್ತಿಲ್ಲದ ಹಳೇ ಸೆಟ್ ಅಗ್ಗಕ್ಕೆ ಸಿಕ್ಕರೆ ಕೊಳ್ಳಬೇಡಿ ಎಂದೇ ನಾವು ಹೇಳುತ್ತೇವೆ.

ಹಳೇ ಬಾವಿಗೂ ಇದೇ ಮಾತು ಅನ್ವಯಿಸುತ್ತದೆ. ತಳದ ಗಾಳಿಯಲ್ಲಿ ಆಮ್ಲಜನಕ ತೀರಾ ಕಡಿಮೆಯಿದ್ದರೆ ಇಳಿದವರಿಗೆ ಮುನ್ಸೂಚನೆ ಸಿಗದೇ ಹೋಗಬಹುದು. ಎತ್ತಲು ಹೋದವರೂ ಅಲ್ಲೇ ಬೀಳುತ್ತಾರೆ. ಆನ್‌ಲೈನ್‌ನಲ್ಲಿ ತರಿಸಿದ ಯಾವ ಸಾಧನವನ್ನೂ ನಂಬಿ ಇಳಿಯದೆ 112ಕ್ಕೆ ಕರೆ ಮಾಡಿ, ಒಳಗೆ ಗಾಳಿ ಕೆಟ್ಟಿರಬಹುದು ಎಂದು ಮೊದಲೇ ತಿಳಿಸಿ. ಅಗ್ನಿಶಾಮಕ ದಳದವರು ಉಸಿರಾಟದ ಸೆಟ್ ಸಮೇತ ಬರಲು ಅನುಕೂಲವಾಗುತ್ತದೆ.