ನಮ್ಮ ಸೀಮೆಯ ಗಾಣವೂ ಪರದೇಶದ ತಾಳೆಯೆಣ್ಣೆಯೂ

ಸಂಸ್ಕೃತದಲ್ಲಿ ತೈಲವೆಂಬ ಶಬ್ದವು ತಿಲದಿಂದ, ಎಂದರೆ ಎಳ್ಳಿನಿಂದ, ಹುಟ್ಟಿತು. ಕನ್ನಡದ ‘ಎಣ್ಣೆ’ಯೂ ಎಳ್ಳು, ನೆಯ್ ಎಂಬೆರಡು ಮಾತುಗಳು ಕೂಡಿ ಆದುದೆಂದು ಭಾಷಾಜ್ಞರು ಹೇಳುವರು. ಎರಡು ಭಾಷೆಗಳೂ ಹೀಗೆ ಒಂದೇ ಕಾಳನ್ನು ಸ್ಮರಿಸುತ್ತಿದ್ದರೂ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಅನೇಕ ಮನೆಗಳಲ್ಲಿ ಇಂದು ಬಾಣಲೆಗೆ ಬೀಳುತ್ತಿರುವುದು ಸಮುದ್ರದಾಚೆಯ ತಾಳೆಯೆಣ್ಣೆ. ತಾಳೆಯೆಂದೊಡನೆ ನಮ್ಮ ಹಿರಿಯರು ಗ್ರಂಥಗಳನ್ನು ಬರೆದಿಟ್ಟ ಗರಿಗಳ ಮರವನ್ನು ವಾಚಕರು ಭಾವಿಸಬಾರದು. ಇದು ಪಶ್ಚಿಮ ಆಫ್ರಿಕದ ಬೇರೊಂದು ಜಾತಿಯದು.

ಪೂರ್ವದಲ್ಲಿ ನಮ್ಮ ನಾಡಿನಲ್ಲಿ ಎಣ್ಣೆಯೆಂದರೆ ಗಾಣ. ದೇವಾಲಯಗಳ ನಂದಾದೀವಿಗೆಗೆ ಗಾಣಗಳಿಂದ ಎಣ್ಣೆಯನ್ನು ಬಿಟ್ಟುದೂ, ಗಾಣಗಳ ಮೇಲೆ ತೆರಿಗೆಯಿದ್ದುದೂ ಕನ್ನಡ ಶಾಸನಗಳಲ್ಲಿ ಹೇರಳವಾಗಿ ಕಾಣುತ್ತವೆ. 1800ರಲ್ಲಿ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಸಿರಾ, ಮಧುಗಿರಿಗಳ ಮಾರ್ಗವಾಗಿ ಸಂಚರಿಸಿದನು. ಅವನ ಪ್ರವಾಸಗ್ರಂಥದಲ್ಲಿ ಮೈಸೂರು ಸೀಮೆಯ ಎಳ್ಳು, ಹುಚ್ಚೆಳ್ಳು, ಹರಳುಗಳ ಬೇಸಾಯವು ವರ್ಣಿತವಾಗಿದೆ. ದೀಪಕ್ಕೆ ಹೊಂಗೆ, ಇಪ್ಪೆಗಳೂ ಒದಗುತ್ತಿದ್ದುವು. ಕಡಲೆಕಾಯಿಯು ಆಮೇಲೆ ಬಂದುದು. ಅದೂ ದಕ್ಷಿಣ ಅಮೆರಿಕದ ಬೆಳೆಯೇ. ಆದುದರಿಂದ ಪರದೇಶದ್ದೆಂಬ ಒಂದೇ ಕಾರಣದಿಂದ ತಾಳೆಯನ್ನು ನಿಂದಿಸುವುದು ನ್ಯಾಯವಲ್ಲ. ಆದರೆ ಕಡಲೆಕಾಯಿಯು ಇಲ್ಲಿಯ ಕೆಂಪುಭೂಮಿಯಲ್ಲಿ ಬೇರುಬಿಟ್ಟು, ಪಾವಗಡದಂತಹ ಮಳೆಯಿಲ್ಲದ ಕಡೆಯೂ ರೈತನ ಕೈಗೆ ನಾಲ್ಕು ಕಾಸನ್ನು ತಂದಿತು. ತಾಳೆಯೆಣ್ಣೆ ಇಲ್ಲಿಗೆ ಎಣ್ಣೆಯಾಗಿಯೇ ಬಂದಿತು.

ಅದರ ಚರಿತ್ರೆಯಾದರೂ ವಿಚಿತ್ರವಾದುದು. 1848ರಲ್ಲಿ ಜಾವಾದ್ವೀಪದ ಸಸ್ಯೋದ್ಯಾನದಲ್ಲಿ ನಾಲ್ಕು ಸಸಿಗಳನ್ನು ನೆಟ್ಟರು. 1911ರಲ್ಲಿ ಸುಮಾತ್ರದಲ್ಲಿಯೂ, 1917ರಲ್ಲಿ ಮಲಯದಲ್ಲಿಯೂ ವಾಣಿಜ್ಯದ ತೋಟಗಳು ಆರಂಭವಾದುವು. ಮುಂದೆ ಆ ತೋಟಗಳಿಗಾಗಿ ಮಹಾರಣ್ಯಗಳನ್ನು ಕಡಿದರು, ಜೌಗುಭೂಮಿಗಳನ್ನು ಬಸಿದು ಸುಟ್ಟರು. 1997ರ ಬೆಂಕಿಯ ಹೊಗೆಯು ಸಿಂಗಪುರ, ಮಲೇಷಿಯಗಳವರೆಗೂ ಕವಿದಿತು. ಒರಾಂಗುಟಾನ್ ಎಂಬ ವಾನರಕ್ಕೆ ನೆಲೆಯೇ ತಪ್ಪುತ್ತ ಬಂದಿದೆ. ಇತ್ತ ನಮ್ಮ ಸರ್ಕಾರವು 1986ರಲ್ಲಿ ಎಣ್ಣೆಕಾಳುಗಳ ಅಭಿವೃದ್ಧಿಗೆ ವಿಶೇಷ ಯೋಜನೆಯನ್ನು ಹೂಡಿ, ಕೆಲವೇ ವರ್ಷಗಳಲ್ಲಿ ದೇಶವು ಬಹುಮಟ್ಟಿಗೆ ಸ್ವಾವಲಂಬಿಯಾಯಿತು. ಆ ಗೆಲುವಿನ ಬೆನ್ನಲ್ಲಿಯೇ, 1994ರಲ್ಲಿ, ಪಾಮೋಲಿನ್ನಿನ ಆಮದಿಗೆ ಬಾಗಿಲು ತೆರೆಯಿತು. ಈಚಿನ ವರ್ಷಗಳಲ್ಲಿ ತಾಳೆಯೆಣ್ಣೆಯೊಂದೇ ವರ್ಷಕ್ಕೆ ಸುಮಾರು 75ರಿಂದ 90 ಲಕ್ಷ ಟನ್ನು ಹಡಗಿಳಿಯುತ್ತಿದೆ. ಕಡಲೆಕಾಯಿ ಬೆಳೆಯುವವನೇ ಕಾಯಿಯನ್ನು ಮಂಡಿಗೆ ಹಾಕಿ, ಹಿಂತಿರುಗುವಾಗ ತಾಳೆಯೆಣ್ಣೆಯ ಪೊಟ್ಟಣವನ್ನು ಕೊಂಡೊಯ್ಯುವ ಸ್ಥಿತಿ ಒದಗಿತು.

ಇದನ್ನು ಬಿಡಬೇಕೆನ್ನುವವರು ಈಗ ನಮ್ಮ ಊರುಗಳಲ್ಲಿಯೂ ಇದ್ದಾರೆ. ಮರದ ಗಾಣದ ಎಣ್ಣೆಯನ್ನು ಹುಡುಕಿ ತರುತ್ತಾರೆ. ಅವರ ಸಂಕಲ್ಪವು ಶ್ಲಾಘ್ಯವೇ. ಆದರೆ ಬಾಣಲೆಯಿಂದ ಓಡಿಸಿದ ತಾಳೆಯು ಬಿಸ್ಕತ್ತು, ಬೇಕರಿಯ ತಿನಿಸು, ಸಾಬೂನುಗಳ ವೇಷದಲ್ಲಿ ಹಿಂದಣ ಬಾಗಿಲಿನಿಂದ ಒಳಹೊಗುವುದು. ಗಾಣದೆಣ್ಣೆಯ ಬೆಲೆಯನ್ನು ಕೂಲಿಯವನ ಸಂಸಾರವು ತೆರಲಾರದೆಂಬುದನ್ನು ಉಳ್ಳವರು ಮರೆಯಬಾರದು. ಇನ್ನೊಂದು ಲೆಕ್ಕವೂ ಉಂಟು: ತಾಳೆಯು ಹೆಕ್ಟೇರಿಗೆ 3 ಟನ್ನಿಗೆ ಮೇಲ್ಪಟ್ಟು ಎಣ್ಣೆ ಕೊಟ್ಟರೆ, ಮಳೆಯನ್ನೇ ನಂಬಿದ ಕಡಲೆಕಾಯಿಯು ಅರ್ಧ ಟನ್ನು ಕೊಡುವುದೂ ಪ್ರಯಾಸ. ಎಲ್ಲರೂ ಈಗಿನಷ್ಟೇ ಎಣ್ಣೆಯನ್ನು ಬೇರೆ ಕಾಳಿನಿಂದ ಬಯಸಿದರೆ ಹೊಲವೆಲ್ಲಿ? ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆ ಈಗ ಸೂರ್ಯನಿಂದ ವಿದ್ಯುತ್ತನ್ನು ಬೆಳೆಯುತ್ತಿದೆ. ಗುತ್ತಿಗೆಯ ಹಣವು ಬೆಳೆಗಿಂತ ನಂಬಿಕೆಯದೆಂದು ರೈತರು ಭೂಮಿಯನ್ನು ಕೊಟ್ಟರೆ ಅವರನ್ನು ಆಕ್ಷೇಪಿಸಲಾಗದು. ಆದುದರಿಂದ ತಾಳೆಯನ್ನು ಬಿಡುವುದೆಂದರೆ ಎಣ್ಣೆಯನ್ನು ಬದಲಿಸುವುದಷ್ಟೇ ಅಲ್ಲ, ಕಡಮೆಮಾಡುವುದೂ ಹೌದು. ಕರಿದ ತಿಂಡಿ ಹಬ್ಬಕ್ಕೆ ಮಾತ್ರವೆಂಬ ಪದ್ಧತಿಯು ನನ್ನ ಬಾಲ್ಯದಲ್ಲಿ ಇನ್ನೂ ಇದ್ದಿತು.

ಗಾಣದ ವಿಷಯದಲ್ಲಿ ಜನರು ಲೆಕ್ಕಕ್ಕೆ ತಾರದ ಒಂದು ವಸ್ತುವಿದೆ; ಅದು ಹಿಂಡಿ. ಊರಿನ ಗಾಣವು ಎಣ್ಣೆಯನ್ನು ಮನೆಗೆ ಕೊಟ್ಟು, ಕಡಲೆಕಾಯಿಯ ಹಿಂಡಿಯನ್ನು ಕರೆಯುವ ಹಸುವಿಗೂ ಹೊಂಗೆಯ ಹಿಂಡಿಯನ್ನು ಹೊಲಕ್ಕೂ ಕೊಡುತ್ತಿದ್ದಿತು. ಹಡಗಿನಲ್ಲಿ ಎಣ್ಣೆ ಬರುವಾಗ ಹಿಂಡಿ ಬರುವುದಿಲ್ಲ. ಗಾಣ ನಿಂತ ಊರಿನಲ್ಲಿ ರೈತನು ಹಸುವಿನ ಹಿಂಡಿಯನ್ನೂ ಪೇಟೆಯಿಂದಲೇ ಮೂಟೆ ಕಟ್ಟಿಸಿ ತರುತ್ತಿದ್ದಾನೆ.