ಸೋಹಣಿಯ ಮುಚ್ಚಳ

ಕಳೆದ ದೀಪಾವಳಿ ರಜೆಯಲ್ಲಿ ಸವಣೂರಿನ ಗೆಳೆಯನ ಮನೆಯ ಪಡಸಾಲೆಯಲ್ಲಿ ‘ವಾರ್‌ಹ್ಯಾಮರ್ 40,000’ ಆಡಿದೆವು. 1987ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆಟ. ಬಹುದೂರದ ಭವಿಷ್ಯದ ಯೋಧರ ಪುಟ್ಟ ಗೊಂಬೆಗಳನ್ನು ಹೂಡಿ, ಟೇಪಿನಿಂದ ದೂರ ಅಳೆದು, ದಾಳ ಎಸೆದು ಯುದ್ಧ ನಡೆಸಬೇಕು. ಗೊಂಬೆಗಳು ದುಬಾರಿ, ನಮ್ಮ ಅರ್ಧ ಸೈನ್ಯ ಬಾಟಲಿ ಮುಚ್ಚಳಗಳದ್ದು.

ನನ್ನ ಸಂಶೋಧನೆ ವೀರಗಲ್ಲುಗಳ ಮೇಲೆ. ಎರಡನೇ ಆಟಕ್ಕೆ ಹಾನಗಲ್ಲಿನ ಮುತ್ತಿಗೆಯನ್ನೇ ಹೂಡೋಣ ಎಂದೆ. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಹಾನಗಲ್ಲಿಗೆ ಬಂದು ಆನೆಕೆರೆಯ ಬಳಿ ಬೀಡುಬಿಟ್ಟ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಎದುರು ನಿಂತ. ಆ ಸಲ ಹೊಯ್ಸಳರು ಹಿಮ್ಮೆಟ್ಟಿದರು, ಸೋಹಣಿ ಉಳಿಯಲಿಲ್ಲ. ಅಲ್ಲಿನ ವೀರಗಲ್ಲೊಂದರ ಶಾಸನದಿಂದ ನಮಗಿದು ಗೊತ್ತು.

ಒಂದು ಪಾತ್ರೆ ನೀರು ಆನೆಕೆರೆಯಾಯಿತು. ಗೆಳೆಯ ಬಲ್ಲಾಳನಾದ. ನನ್ನ ದಾಳ ಕೈಕೊಟ್ಟಿತು, ಸೋಹಣಿ ಬಿದ್ದ. ಆಟದಲ್ಲಿ ಸತ್ತವರನ್ನು ಮೇಜಿನಿಂದ ತೆಗೆಯಬೇಕು. ಮುಚ್ಚಳವನ್ನು ಡಬ್ಬಿಗೆ ಹಾಕಹೊರಟೆ.

‘ಅಲ್ಲೋ, ಇಂವ ಸತ್ತಿದ್ದಕ್ಕ ಅಲ್ಲೇನು ನಿನಗ ಥೀಸಿಸ್ ಸಿಕ್ಕಿದ್ದು?’ ಅಂದ ಗೆಳೆಯ.

ನಕ್ಕೆ, ಆದರೆ ಕೈ ತಡೆಯಿತು. ವೀರಗಲ್ಲಿನಲ್ಲಿ ಬಿದ್ದವನನ್ನು ಕಣದಿಂದ ತೆಗೆಯುವುದಿಲ್ಲ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಆತ ಕಾದುತ್ತಾನೆ, ನಡುವೆ ಅಪ್ಸರೆಯರು ಒಯ್ಯುತ್ತಾರೆ, ಮೇಲೆ ಶಿವಲಿಂಗದ ಮುಂದೆ ಕೂತಿರುತ್ತಾನೆ. ಗೆದ್ದು ಮನೆಗೆ ಹೋದವರಿಗೆ ಈ ಕಲ್ಲಿಲ್ಲ. ನಾನೋ, ನನ್ನ ಮೂರನೇ ಅಧ್ಯಾಯವನ್ನು ಪೂರ್ತಿ ಬಲ್ಲಾಳನ ದಂಡಯಾತ್ರೆಗೆ ಕೊಟ್ಟು ಸೋಹಣಿಯನ್ನು ಅಡಿಟಿಪ್ಪಣಿಗೆ ಇಳಿಸಿದ್ದೆ. ಮಾರ್ಗದರ್ಶಕರೂ ಒಪ್ಪಿಯಾಗಿತ್ತು.

ಅವತ್ತು ರಾತ್ರಿ ಅಡಿಟಿಪ್ಪಣಿಯನ್ನು ಮೇಲಕ್ಕೆ ತಂದು ಅಧ್ಯಾಯದ ಮೊದಲ ಸಾಲು ಮಾಡಿದೆ. ಗೆಳೆಯ ಅಷ್ಟರಲ್ಲಿ ಆನೆಕೆರೆಯನ್ನು ಖಾಲಿ ಮಾಡಿ ಚಹಾಕ್ಕೆ ಇಟ್ಟಿದ್ದ.